ಮೃದಂಗದ ಮೇಲಿನ ಕಪ್ಪು ಬೊಟ್ಟು ಏನು ಮಾಡುತ್ತೆ?

ನಮ್ಮ ಕನ್ನಡ ಸಂಘದ ರೂಮಿನಲ್ಲಿ ಬ್ಯಾನರ್ ಸುರುಳಿಗಳು, ಹೋದ ವರ್ಷದ ಕೆಂಪು-ಹಳದಿ ಶಾಲುಗಳು, ಕಾಲು ಮುರಿದ ಒಂದು ಮೈಕ್ ಸ್ಟ್ಯಾಂಡ್, ಇವುಗಳ ನಡುವೆ ಒಂದು ಮೃದಂಗ ಇದೆ. ಅದು ಸಂಘದ ಆಸ್ತಿ ಅಲ್ಲ, ನಮ್ಮ ಜೊತೆ ಓದೋ ಗೆಳೆಯನದ್ದು. ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಕಲಿತಿದ್ದಾನೆ. ಆಮೇಲೆ ಪಿಯುಸಿ, ಸಿಇಟಿ, ಕೋಚಿಂಗ್. "ಸೈನ್ಸ್ ತಗೊಂಡ್ಮೇಲೆ ಬಿಡಲೇಬೇಕಾಯ್ತು" ಅಂತ ಅವನೇ ಹೇಳ್ತಾನೆ. ಮನೆಯಲ್ಲಿ ಜಾಗ ಇಲ್ಲ, ಯಾರಾದರೂ ಕಲಿಯೋರಿದ್ದರೆ ಕೊಟ್ಟುಬಿಡೋಣ ಅಂತ ಇಲ್ಲಿ ತಂದಿಟ್ಟಿದ್ದ.

ಈ ಮಾತು ಅವನೊಬ್ಬನದ್ದಲ್ಲ. ನಮ್ಮಲ್ಲಿ ಒಬ್ಬಳು ಭರತನಾಟ್ಯ ಬಿಟ್ಟಿದ್ದಾಳೆ, ಒಬ್ಬ ಚಿತ್ರ ಬರೆಯೋದು ಬಿಟ್ಟಿದ್ದಾನೆ, ಮಂಗಳೂರು ಕಡೆಯವನೊಬ್ಬ ಯಕ್ಷಗಾನದ ವೇಷ ಬಿಟ್ಟಿದ್ದಾನೆ. ಎಲ್ಲರೂ ಕೊಡೋ ಕಾರಣ ಒಂದೇ: "ಸೈನ್ಸ್ ತಗೊಂಡ್ವಿ." ಹತ್ತನೇ ಕ್ಲಾಸು ಆದಮೇಲೆ ಎರಡು ಬಾಗಿಲು, ಒಂದಕ್ಕೆ ಹೋದರೆ ಇನ್ನೊಂದು ಮುಚ್ಚುತ್ತೆ ಅನ್ನೋ ಹಾಗೆ.

ಈ ಸೆಮ್‌ನಲ್ಲಿ ಸಿಗ್ನಲ್ಸ್ ಆ್ಯಂಡ್ ಸಿಸ್ಟಮ್ಸ್ ಲ್ಯಾಬಿಗೆ ಒಂದು ಮಿನಿ ಪ್ರಾಜೆಕ್ಟ್ ಇತ್ತು. ಯಾವುದಾದರೂ ಒಂದು ಶಬ್ದ ರೆಕಾರ್ಡ್ ಮಾಡಿ ಅದರ ಎಫ್‌ಎಫ್‌ಟಿ ತೆಗೆಯಬೇಕು. ಅಂದರೆ ಆ ಶಬ್ದದೊಳಗೆ ಯಾವ್ಯಾವ ಕಂಪನ ಸಂಖ್ಯೆಗಳು ಎಷ್ಟೆಷ್ಟು ಬಲವಾಗಿ ಇವೆ ಅಂತ ಬಿಡಿಸಿ ನೋಡಬೇಕು. ಹತ್ತಿರದಲ್ಲಿ ಇದ್ದದ್ದು ಆ ಮೃದಂಗ. ಫೋನಿನಲ್ಲಿ ರೆಕಾರ್ಡ್ ಮಾಡಿ ಗ್ರಾಫ್ ಹಾಕಿದೆವು. ಶಿಖರಗಳು ಅಲ್ಲೊಂದು ಇಲ್ಲೊಂದು, ಲೆಕ್ಕಕ್ಕೆ ಸಿಗದ ಹಾಗೆ ಬಂದವು. ಗೆಳೆಯ ಗ್ರಾಫ್ ನೋಡಲೇ ಇಲ್ಲ. "ಅದು ಹಾಳಾಗಿದೆ ಕಣ್ರೋ. ಕರಣೆ ಎದ್ದುಹೋಗಿದೆ ನೋಡಿ" ಅಂದ.

ಕರಣೆ ಅಂದರೆ ಬಲಗಡೆಯ ಚರ್ಮದ ನಡುವೆ ಇರೋ ಕಪ್ಪು ಬೊಟ್ಟು. ನಿಜವಾಗಿಯೂ ಅದರ ಒಂದು ಚೂರು ಕಿತ್ತುಬಂದಿತ್ತು. "ಆ ಬೊಟ್ಟು ಏನು ಮಾಡುತ್ತೆ?" ಅಂತ ಕೇಳಿದೆವು. "ನಾದ ಕೊಡುತ್ತೆ." "ಹೇಗೆ?" ಅವನಿಗೆ ಗೊತ್ತಿರಲಿಲ್ಲ. ಹತ್ತು ವರ್ಷ ಬಾರಿಸಿದವನಿಗೂ ಗೊತ್ತಿಲ್ಲ, ಪಿಯುಸಿಯಲ್ಲಿ ತರಂಗಗಳ ಪಾಠ ಪೂರ್ತಿ ಬಾಯಿಪಾಠ ಮಾಡಿದ ನಮಗೂ ಗೊತ್ತಿಲ್ಲ. ಹುಡುಕುತ್ತಾ ಹೋದಾಗ ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, ಆಟೋದವರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯೋ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಆ ಉತ್ತರವನ್ನು ನಮಗೆ ಅರ್ಥವಾದಷ್ಟು ಇಲ್ಲಿ ಬರೆದಿದ್ದೇವೆ.

ತಂತಿ ಹಾಡುತ್ತೆ, ಚರ್ಮ ಯಾಕೆ ಹಾಡಲ್ಲ?

ಮೊದಲು ತಂತಿ. ವೀಣೆಯ ತಂತಿ ಮೀಟಿದಾಗ ಅದು ಒಂದೇ ರೀತಿ ಅಲುಗಾಡೋದಿಲ್ಲ. ಇಡೀ ತಂತಿ ಒಂದಾಗಿ ಅಲುಗಾಡುತ್ತೆ. ಅದೇ ಹೊತ್ತಿಗೆ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು ಭಾಗವಾಗಿಯೂ ಅಲುಗಾಡುತ್ತೆ. ಇಡೀ ತಂತಿ ಸೆಕೆಂಡಿಗೆ 100 ಸಲ ಕಂಪಿಸಿದರೆ ಉಳಿದವು 200, 300, 400 ಸಲ. ಎಲ್ಲವೂ ಮೊದಲನೆಯದರ ಪೂರ್ಣ ಗುಣಕಗಳು. ಇವನ್ನೇ ಹಾರ್ಮೋನಿಕ್ ಅಂತ ಕರೆಯೋದು. ಹೀಗೆ ಮಗ್ಗಿಯ ಹಾಗೆ ಸಾಲಾಗಿ ಬಂದಾಗ ನಮ್ಮ ಕಿವಿ ಅವನ್ನೆಲ್ಲ ಸೇರಿಸಿ ಒಂದೇ ಸ್ವರವಾಗಿ ಕೇಳುತ್ತೆ. "ಇದು ಷಡ್ಜ" ಅಂತ ಬೆರಳು ಮಾಡಿ ತೋರಿಸಬಹುದಾದ ಸ್ವರ.

ಈಗ ಚರ್ಮ. ಒಂದು ದುಂಡನೆಯ ಬಳೆಗೆ ಬಿಗಿಯಾಗಿ ಎಳೆದು ಕಟ್ಟಿದ, ಎಲ್ಲ ಕಡೆಯೂ ಒಂದೇ ದಪ್ಪ ಇರೋ ಚರ್ಮ ಅಂತ ಅಂದುಕೊಳ್ಳಿ. ಇದಕ್ಕೆ ಸಮೀಕರಣ ಬಿಡಿಸಿದರೆ ಸೈನ್ ಅಲೆಯ ಜಾಗದಲ್ಲಿ ಬೆಸೆಲ್ ಫಂಕ್ಷನ್ ಬರುತ್ತೆ. ಬೆಸೆಲ್ ಫಂಕ್ಷನ್‌ನ ಸೊನ್ನೆಗಳು ಸಮಾನ ಅಂತರದಲ್ಲಿ ಇರೋದಿಲ್ಲ. ಎಲ್ಲ ತೊಂದರೆಯೂ ಇಲ್ಲಿಂದಲೇ ಶುರು. ಅತಿ ಕೆಳಗಿನ ಕಂಪನ 100 ಅಂತ ಇಟ್ಟುಕೊಂಡರೆ ಮುಂದಿನವು 159, 214, 230, 265, 292, 316, ಹೀಗೆ ಹೋಗುತ್ತವೆ. ಯಾವ ಮಗ್ಗಿಗೂ ಸೇರದ ಸಂಖ್ಯೆಗಳು. ಕಿವಿಗೆ ಇದರಲ್ಲಿ ಒಂದು ಸ್ವರ ಹಿಡಿಯೋಕೆ ಆಗಲ್ಲ. ಅದಕ್ಕೆ ಕೇಳೋದು ಬರೀ "ಧಡ್".

ಇಲ್ಲಿ ಒಂದು ಮಾತು ಹೇಳಲೇಬೇಕು. ಸ್ವರ ಇಲ್ಲ ಅಂದರೆ ವಾದ್ಯ ಕಡಿಮೆ ಅಂತ ಅಲ್ಲ. ತಮಟೆಗೆ ಸ್ವರ ಬೇಕಾಗಿಯೇ ಇಲ್ಲ. ಬಯಲಿನಲ್ಲಿ ನೂರಾರು ಜನರ ಗದ್ದಲದ ನಡುವೆ ಸೀಳಿಕೊಂಡು ಕೇಳಿಸಬೇಕು, ಕಾಲು ಕುಣಿಸಬೇಕು. ಆ ಕೆಲಸಕ್ಕೆ ಅದೇ ಸರಿ. ಆದರೆ ಮೃದಂಗದ ಕೆಲಸ ಬೇರೆ. ಹಾಡುಗಾರರ ಪಕ್ಕದಲ್ಲೇ ಕೂತು, ತಂಬೂರಿಯ ಶ್ರುತಿಗೆ ಸೇರಿ ನುಡಿಯಬೇಕು. ಚರ್ಮ ಹಾಗೆ ನುಡಿಯೋದು ಗಣಿತದ ಪ್ರಕಾರ ಕಷ್ಟ. ಪಾಶ್ಚಾತ್ಯ ಆರ್ಕೆಸ್ಟ್ರಾದ ಟಿಂಪನಿ, ಚರ್ಮದ ಕೆಳಗಿನ ದೊಡ್ಡ ಲೋಹದ ಬೋಗುಣಿ ಮತ್ತು ಗಾಳಿಯ ಭಾರದ ಸಹಾಯದಿಂದ ಸ್ವರದ ಹತ್ತಿರಕ್ಕೆ ಬರುತ್ತೆ. ಮೃದಂಗ ಮತ್ತು ತಬಲಾ ಹಿಡಿದದ್ದು ಬೇರೆಯೇ ದಾರಿ.

ರಾಮನ್, ಮರಳು ಮತ್ತು ಮೃದಂಗ

ಸರ್ ಸಿ. ವಿ. ರಾಮನ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಬೆಳಕಿನ ಚದುರುವಿಕೆ, 1930ರ ನೊಬೆಲ್, ಫೆಬ್ರವರಿ 28ರ ವಿಜ್ಞಾನ ದಿನದ ಭಾಷಣ. ಆದರೆ ಬೆಳಕಿಗಿಂತ ಮುಂಚೆ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದು ಶಬ್ದದ ಮೇಲೆ, ಅದರಲ್ಲೂ ಸಂಗೀತ ವಾದ್ಯಗಳ ಮೇಲೆ. 1907ರಲ್ಲಿ ಅವರು ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಸೇರಿದರು. ಆಫೀಸಿಗೆ ಮುಂಚೆ ಮತ್ತು ಆಫೀಸು ಮುಗಿದ ಮೇಲೆ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಅನ್ನೋ ಸಂಸ್ಥೆಯ ಪ್ರಯೋಗಾಲಯಕ್ಕೆ ಹೋಗಿ ಪ್ರಯೋಗ ಮಾಡ್ತಿದ್ದರು. ಪಿಟೀಲಿನ ತಂತಿ ಕಮಾನಿನ ಕೆಳಗೆ ಹೇಗೆ ಅಲುಗಾಡುತ್ತೆ ಅಂತ ಸಿದ್ಧಾಂತ ಬರೆದರು. ಅದನ್ನು ಪರೀಕ್ಷೆ ಮಾಡೋಕೆ, ಮನುಷ್ಯರ ಕೈ ಬದಲು ಯಂತ್ರವೇ ಪಿಟೀಲು ನುಡಿಸೋ ಏರ್ಪಾಡು ಕಟ್ಟಿದರು. ವೀಣೆ, ತಂಬೂರಿಗಳ ಕುದುರೆ ಚಪ್ಪಟೆಯಾಗಿ, ಸ್ವಲ್ಪ ಬಾಗಿಕೊಂಡು ಇರುತ್ತಲ್ಲ, ಆ ಆಕಾರದಿಂದಲೇ ನಾದ ಯಾಕೆ ಅಷ್ಟು ಶ್ರೀಮಂತವಾಗುತ್ತೆ ಅಂತಲೂ ಬರೆದರು. ಅವರ ಹೆಂಡತಿ ಲೋಕಸುಂದರಿ ಅಮ್ಮಾಳ್ ವೀಣೆ ನುಡಿಸ್ತಿದ್ದರು.

1920ರಲ್ಲಿ ರಾಮನ್ ಮತ್ತು ಶಿವಕಾಳಿ ಕುಮಾರ್ ಸೇರಿ 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಪ್ರಕಟಿಸಿದರು. ಹಾರ್ಮೋನಿಕ್ ಕೊಡೋ ಚರ್ಮವಾದ್ಯಗಳು ಇವೆ, ಅವು ಭಾರತದಲ್ಲಿ ಇವೆ ಅನ್ನೋದು ಅದರ ಸಾರ. 1933ರಲ್ಲಿ ಅವರು ಬೆಂಗಳೂರಿಗೆ, ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆ ಹುದ್ದೆಗೆ ಬಂದ ಮೊದಲ ಭಾರತೀಯ. ಮಾರನೇ ವರ್ಷ ಇಲ್ಲೇ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಶುರು ಮಾಡಿದರು. ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಭಾರತೀಯ ಚರ್ಮವಾದ್ಯಗಳ ಮೇಲೆ ಅವರ ವಿವರವಾದ ಲೇಖನ ಬಂತು. ಆಗ ಅವರಿಗೆ ನೊಬೆಲ್ ಬಂದು ನಾಲ್ಕು ವರ್ಷ ಆಗಿತ್ತು. ಯಾವ ವಿಷಯ ಬೇಕಾದರೂ ಆರಿಸಿಕೊಳ್ಳಬಹುದಾಗಿದ್ದ ಮನುಷ್ಯ ಮತ್ತೆ ಮೃದಂಗದ ಹತ್ತಿರ ಬಂದರು.

ಅವರ ಪ್ರಯೋಗಕ್ಕೆ ದುಬಾರಿ ಉಪಕರಣ ಏನೂ ಬೇಕಿರಲಿಲ್ಲ. ಚರ್ಮದ ಮೇಲೆ ಸಣ್ಣ ಮರಳು ಉದುರಿಸೋದು. ಒಂದು ಕಡೆ ಬೆರಳು ಹಗುರವಾಗಿ ಇಟ್ಟು ಇನ್ನೊಂದು ಕಡೆ ತಟ್ಟೋದು. ಚರ್ಮ ಎಲ್ಲಿ ಅಲುಗಾಡುತ್ತೋ ಅಲ್ಲಿಂದ ಮರಳು ಹಾರಿ, ಎಲ್ಲಿ ಅಲುಗಾಡುವುದಿಲ್ಲವೋ ಅಲ್ಲಿ ಬಂದು ಕೂರುತ್ತೆ. ರಂಗೋಲಿಯ ಹಾಗೆ ಗೆರೆಗಳು ಮೂಡುತ್ತವೆ. ಒಂದೊಂದು ರಂಗೋಲಿಯೂ ಒಂದೊಂದು ಮೋಡ್, ಅಂದರೆ ಚರ್ಮ ಅಲುಗಾಡೋ ಒಂದೊಂದು ಬಗೆ.

ರಾಮನ್ ಕಂಡದ್ದು ಇದು. ಮೃದಂಗದ ಬಲಗಡೆಯ ಚರ್ಮದ ಮೊದಲ ಒಂಬತ್ತು ಮೋಡ್‌ಗಳು ಒಂಬತ್ತು ದಿಕ್ಕಿಗೆ ಓಡೋದಿಲ್ಲ. ಐದೇ ಐದು ಹಾರ್ಮೋನಿಕ್‌ಗಳ ಸುತ್ತ ಗುಂಪಾಗುತ್ತವೆ. ಮೊದಲನೆಯದಕ್ಕೆ ಒಂದು ಮೋಡ್, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ಎರಡು, ಐದನೆಯದಕ್ಕೆ ಮೂರು. ಬರೀ ಚರ್ಮದಲ್ಲಿ 214 ಮತ್ತು 230 ಅಂತ ದೂರ ದೂರ ನಿಂತಿದ್ದ ಎರಡು ಕಂಪನಗಳು ಇಲ್ಲಿ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ತಂತಿಯ ಮಗ್ಗಿಯನ್ನು ಚರ್ಮ ಹೇಳೋಕೆ ಶುರು ಮಾಡುತ್ತೆ.

ಬಾರಿಸೋರಿಗೆ ಇದು ಕೈಯಲ್ಲಿ ಗೊತ್ತಿದೆ ಅನ್ನೋದು ನಮಗೆ ಆಮೇಲೆ ಹೊಳೆಯಿತು. 'ನಂ' ಅಂತ ನುಡಿಸುವಾಗ ಉಂಗುರದ ಬೆರಳು ಕರಣೆಯ ಅಂಚಿನಲ್ಲಿ ಹಗುರವಾಗಿ ಕೂತಿರುತ್ತೆ, ತೋರುಬೆರಳು ಅಂಚಿಗೆ ಹೊಡೆಯುತ್ತೆ. ಕೂತಿರೋ ಬೆರಳು "ಇಲ್ಲಿ ಅಲುಗಾಡಬೇಡ" ಅಂತ ಚರ್ಮಕ್ಕೆ ಹೇಳುತ್ತೆ, ಅಂದರೆ ಯಾವ ಮೋಡ್ ಬೇಕು, ಯಾವುದು ಬೇಡ ಅಂತ ಆರಿಸುತ್ತೆ. ರಾಮನ್ ಮರಳು ಹಾಕಿ ಮಾಡಿದ್ದನ್ನು ಗೆಳೆಯ ಒಂದನೇ ಕ್ಲಾಸಿನಿಂದ ಮಾಡ್ತಿದ್ದ. ಇದನ್ನು ಅವನಿಗೆ ಹೇಳಿದಾಗ ಸ್ವಲ್ಪ ಹೊತ್ತು ತನ್ನ ಬೆರಳನ್ನೇ ನೋಡಿಕೊಂಡು ಕೂತಿದ್ದ.

ಬೊಟ್ಟಿನ ಕೆಲಸ

ಈಗ ನಮ್ಮ ಮೂಲ ಪ್ರಶ್ನೆ. ಕಪ್ಪು ಬೊಟ್ಟು ಇದನ್ನು ಹೇಗೆ ಮಾಡುತ್ತೆ?

ಬೊಟ್ಟು ಅಂದರೆ ಭಾರ. ಕರಣೆ ಇರೋ ಕಡೆ ಚರ್ಮ ಭಾರ, ಸುತ್ತ ಹಗುರ. ಭಾರದ ವಸ್ತು ನಿಧಾನವಾಗಿ ಕಂಪಿಸುತ್ತೆ ಅನ್ನೋದು ಗೊತ್ತಿದೆಯಲ್ಲ, ಸ್ಪ್ರಿಂಗಿಗೆ ದೊಡ್ಡ ತೂಕ ಕಟ್ಟಿದರೆ ಮೆಲ್ಲಗೆ ಆಡುತ್ತೆ. ಹಾಗಾದರೆ ಬೊಟ್ಟು ಹಾಕಿದರೆ ಎಲ್ಲ ಕಂಪನಗಳೂ ಇಳಿಯಬೇಕು. ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಇಳಿದರೆ ಏನೂ ಉಪಯೋಗ ಇಲ್ಲ, ಅನುಪಾತ ಹಾಗೇ ಉಳಿಯುತ್ತೆ. ಗುಟ್ಟು ಇರೋದು ಬೊಟ್ಟು ಇರೋ ಜಾಗದಲ್ಲಿ.

ಅತಿ ಕೆಳಗಿನ ಮೋಡ್‌ನಲ್ಲಿ ಇಡೀ ಚರ್ಮ ಒಟ್ಟಿಗೆ ಉಬ್ಬಿ ತಗ್ಗುತ್ತೆ, ಅತಿ ಹೆಚ್ಚು ಅಲುಗಾಡೋದು ನಡುವೆ. ಅಲ್ಲೇ ಭಾರ ಇಟ್ಟಿದ್ದೇವೆ. ಹಾಗಾಗಿ ಈ ಕಂಪನ ಚೆನ್ನಾಗಿ ಕೆಳಗಿಳಿಯುತ್ತೆ. ಎರಡನೇ ಮೋಡ್‌ನಲ್ಲಿ ಚರ್ಮದ ಒಂದು ಅರ್ಧ ಮೇಲೆ ಹೋದಾಗ ಇನ್ನೊಂದು ಅರ್ಧ ಕೆಳಗೆ ಹೋಗುತ್ತೆ, ಏತದ ಹಾಗೆ. ಸರಿಯಾಗಿ ನಡುವಿನ ಗೆರೆ ಅಲುಗಾಡೋದೇ ಇಲ್ಲ. ಭಾರ ಇದ್ದರೂ ಇದಕ್ಕೆ ಅಷ್ಟು ತಟ್ಟಲ್ಲ, ಸ್ವಲ್ಪ ಮಾತ್ರ ಇಳಿಯುತ್ತೆ. ಮುಂದಿನ ಮೋಡ್‌ನಲ್ಲಿ ಚರ್ಮ ನಾಲ್ಕು ಹೋಳಾಗಿ ಅಲುಗಾಡುತ್ತೆ, ಅದರ ಆಟ ಇನ್ನೂ ಅಂಚಿನ ಕಡೆಗೆ. ಅದು ಮತ್ತೂ ಕಡಿಮೆ ಇಳಿಯುತ್ತೆ.

ಲೆಕ್ಕ ಅರ್ಥ ಆಗಲಿ ಅಂತ ಒಂದು ಉದಾಹರಣೆ. ಬರೀ ಚರ್ಮದಲ್ಲಿ ಮೊದಲ ಎರಡು ಕಂಪನ 100 ಮತ್ತು 159. ಬೊಟ್ಟು ಹಾಕಿದ ಮೇಲೆ ಮೊದಲನೆಯದು 70ಕ್ಕೆ, ಎರಡನೆಯದು 140ಕ್ಕೆ ಇಳಿಯಿತು ಅಂದುಕೊಳ್ಳಿ. 159 ಯಾವತ್ತೂ 100ರ ಎರಡರಷ್ಟು ಆಗಿರಲಿಲ್ಲ, ಆದರೆ 140 ಅನ್ನೋದು 70ರ ಸರಿಯಾಗಿ ಎರಡರಷ್ಟು. ಮೇಲಿನದನ್ನು ಏರಿಸೋಕೆ ಆಗಲ್ಲ, ಅದಕ್ಕೆ ಕೆಳಗಿನದನ್ನು ಇಳಿಸಿ ಅನುಪಾತ ಸರಿ ಮಾಡಿದ್ದಾರೆ. ಬೊಟ್ಟು ಎಷ್ಟು ಅಗಲ ಇರಬೇಕು, ಎಷ್ಟು ದಪ್ಪ ಇರಬೇಕು, ಅಂಚಿನ ಕಡೆ ಹೇಗೆ ತೆಳುವಾಗಬೇಕು, ಇವೆಲ್ಲ ಈ ಅನುಪಾತ ಹೊಂದಿಸೋ ಕೈಚಳಕ. ಎಷ್ಟೇ ಹೊಂದಿಸಿದರೂ ಅದು ತಂತಿಯಷ್ಟು ಕರಾರುವಾಕ್ಕಾಗಿ ಇರಲ್ಲ, ಆದರೆ ಕಿವಿ ಒಪ್ಪಿಕೊಳ್ಳೋಷ್ಟು ಹತ್ತಿರ ಬರುತ್ತೆ.

ಗೆಳೆಯನ ಮೃದಂಗದ ಗ್ರಾಫ್ ಯಾಕೆ ಕೆಟ್ಟಿತ್ತು ಅನ್ನೋದು ಈಗ ಅರ್ಥ ಆಯ್ತು. ಒಂದು ಚೂರು ಹೋದದ್ದರಿಂದ ಭಾರದ ಹಂಚಿಕೆ ತಪ್ಪಿತ್ತು.

ಬಳೇಪೇಟೆಯಲ್ಲಿ ಒಂದು ಮಧ್ಯಾಹ್ನ

ಪ್ರಾಜೆಕ್ಟಿಗೆ ಸರಿಯಾದ ಗ್ರಾಫ್ ಬೇಕಿತ್ತು. ಎಲ್ಲರೂ ಸ್ವಲ್ಪ ಸ್ವಲ್ಪ ದುಡ್ಡು ಹಾಕಿ ಮೃದಂಗವನ್ನು ಬಳೇಪೇಟೆಗೆ ತಗೊಂಡು ಹೋದೆವು. ವಾದ್ಯದ ಅಂಗಡಿಗಳ ಸಾಲಿನ ಹಿಂದೆ, ಒಂದು ಓಣಿಯಲ್ಲಿ, ನೆಲದ ಮೇಲೆ ಕೂತು ರಿಪೇರಿ ಮಾಡೋ ಹಿರಿಯರೊಬ್ಬರು ಸಿಕ್ಕರು. ಮೃದಂಗವನ್ನು ಮಡಿಲಿಗೆ ಎಳೆದುಕೊಂಡು ಎರಡು ಸಲ ತಟ್ಟಿದರು. "ಯಾರಪ್ಪಾ ಇದನ್ನ ಹೀಗೆ ಇಟ್ಟಿದ್ದು? ಮೂರ್ನಾಲ್ಕು ವರ್ಷ ಆಯ್ತಲ್ವಾ ಕೈ ಹಾಕಿ?" ಅಂದರು. ಗೆಳೆಯ ತಲೆ ತಗ್ಗಿಸಿದ. ನಾವು ಲ್ಯಾಪ್‌ಟಾಪ್ ತೆಗೆದು ಗ್ರಾಫ್ ತೋರಿಸಿದೆವು. ಅವರು ನಕ್ಕು "ಅದೇ ನಾನೂ ಹೇಳಿದ್ದು" ಅಂದರು.

ಹಳೆಯ ಕರಣೆ ಪೂರ್ತಿ ಕೆರೆದು ತೆಗೆದರು. ಹೊಸದಕ್ಕೆ ಬೇಕಾದ್ದು ಎರಡೇ: ಕಬ್ಬಿಣದ ಅಂಶ ಇರೋ ಕರಿ ಕಲ್ಲಿನ ನುಣ್ಣನೆ ಪುಡಿ ಮತ್ತು ಬೆಂದ ಅನ್ನ. ಎರಡನ್ನೂ ಹದವಾಗಿ ನಾದಿ, ಚಿಟಿಕೆ ಚಿಟಿಕೆ ತಗೊಂಡು ತೆಳುವಾಗಿ ಹಚ್ಚಿ, ನಯವಾದ ಕಲ್ಲಿನಿಂದ ಉಜ್ಜೋದು. ಒಣಗಿದ ಮೇಲೆ ಮತ್ತೊಂದು ಪದರ, ಮತ್ತೆ ಉಜ್ಜೋದು. ಹೀಗೆ ಎಷ್ಟೋ ಪದರ. ಉಜ್ಜುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಮೂಡುತ್ತವೆ. ಇದು ದೋಷ ಅಂತ ನಾವು ಅಂದುಕೊಂಡಿದ್ದೆವು. ಅಲ್ಲ, ಅದು ಬೇಕಾದ್ದೇ. ಬಿರುಕು ಇಲ್ಲದೆ ಗಟ್ಟಿ ಬಿಲ್ಲೆಯ ಹಾಗೆ ಕೂತರೆ ಚರ್ಮ ಬಾಗೋಕೆ ಆಗಲ್ಲ. ಬಿರುಕಿನಿಂದ ಕರಣೆ ಭಾರವನ್ನು ಕೊಡುತ್ತೆ, ಬಿಗಿತವನ್ನು ಕೊಡಲ್ಲ. ಭಾರ ಬೇಕು, ಬಿಗಿತ ಬೇಡ. ಮೆಟೀರಿಯಲ್ ಸೈನ್ಸ್ ಕ್ಲಾಸಿನಲ್ಲಿ ಇಂಥದ್ದನ್ನು ಡಿಸೈನ್ ಮಾಡಿ ಅಂತ ಕೊಟ್ಟರೆ ನಮಗೆ ಒಂದು ಸೆಮ್ ಸಾಕಾಗಲ್ಲ.

ಕೆಲವು ಪದರಕ್ಕೊಮ್ಮೆ ಅವರು ಬೆರಳಲ್ಲಿ ತಟ್ಟಿ ಕಿವಿಗೊಟ್ಟು ಕೇಳ್ತಿದ್ದರು. ಪ್ರತಿ ಸಲವೂ ನಾವು ಫೋನು ಹಿಡಿದೆವು. ಅಮೆರಿಕದ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ರಾಸಿಂಗ್ ಅನ್ನೋ ಭೌತವಿಜ್ಞಾನಿ ಹಿಂದೆಯೇ ಹೀಗೆ ಪದರ ಪದರವಾಗಿ ಕರಣೆ ಏರುವಾಗ ಕಂಪನಗಳು ಹೇಗೆ ಸರಿಯುತ್ತವೆ ಅಂತ ಅಳತೆ ಮಾಡಿದ್ದಾರೆ. ನಮ್ಮದು ಅಷ್ಟು ಶುದ್ಧ ಪ್ರಯೋಗ ಅಲ್ಲ. ಓಣಿಯಲ್ಲಿ ಸ್ಕೂಟರ್ ಹಾರನ್ನು, ಪಕ್ಕದಲ್ಲಿ ಯಾರೋ ಹಾರ್ಮೋನಿಯಂ ಪರೀಕ್ಷೆ ಮಾಡ್ತಿದ್ದದ್ದು ಎಲ್ಲ ಗ್ರಾಫಿನಲ್ಲಿ ಬಂದಿತ್ತು. ಆದರೂ ಆ ರಾತ್ರಿ ಎಲ್ಲ ಗ್ರಾಫ್‌ಗಳನ್ನು ಒಂದರ ಕೆಳಗೆ ಒಂದು ಇಟ್ಟಾಗ ಕಾಣಿಸಿತು: ಮೊದಲ ಶಿಖರ ನಿಧಾನಕ್ಕೆ ಎಡಕ್ಕೆ ಜರುಗಿದೆ. ಕೊನೆಯ ಗ್ರಾಫಿನಲ್ಲಿ ಮೊದಲ ನಾಲ್ಕೈದು ಶಿಖರಗಳು ಬೇಲಿಯ ಕಂಬಗಳ ಹಾಗೆ ಹೆಚ್ಚುಕಡಿಮೆ ಸಮ ಅಂತರದಲ್ಲಿ ನಿಂತಿದ್ದವು.

ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತೆ ಅಂತ ಅವರನ್ನು ಕೇಳಿದ್ದೆವು. "ಸಾಕು ಅಂತ ಅದೇ ಹೇಳುತ್ತಪ್ಪಾ" ಅಂದರು. ಆಗ ಅದು ಬರೀ ಮಾತು ಅನ್ನಿಸಿತ್ತು. ಗ್ರಾಫ್ ನೋಡಿದ ಮೇಲೆ ಅದು ಅಳತೆ ಅಂತ ಗೊತ್ತಾಯ್ತು. ನಮ್ಮ ಸಾಫ್ಟ್‌ವೇರ್ ಆಮೇಲೆ ಹೇಳಿದ್ದನ್ನು ಅವರ ಕಿವಿ ಆಗಲೇ ಹೇಳಿತ್ತು.

ಇಲ್ಲಿ ಇನ್ನೊಂದು ವಿಷಯ. ಮೃದಂಗಕ್ಕೆ ಹಸು, ಆಡು, ಎಮ್ಮೆ ಮೂರರ ಚರ್ಮವೂ ಬೇಕು. ಚರ್ಮದ ಕೆಲಸ ಮಾಡೋರನ್ನು ನಮ್ಮ ಸಮಾಜ ಎಲ್ಲಿ ಕೂರಿಸಿದೆ ಅಂತ ನಮಗೆ ಗೊತ್ತೇ ಇದೆ. ಗಾಯಕ ಟಿ. ಎಂ. ಕೃಷ್ಣ 2020ರಲ್ಲಿ ಮೃದಂಗ ಮಾಡೋರ ಬಗ್ಗೆಯೇ 'ಸೆಬಾಸ್ಟಿಯನ್ ಆ್ಯಂಡ್ ಸನ್ಸ್' ಅಂತ ಒಂದು ಪುಸ್ತಕ ಬರೆದಿದ್ದಾರೆ. ವೇದಿಕೆಯ ಮೇಲೆ ಬಾರಿಸೋರ ಹೆಸರು ನಮಗೆ ಗೊತ್ತು, ಬೆಸೆಲ್ ಹೆಸರು ಗೊತ್ತು, ರಾಮನ್ ಹೆಸರು ಗೊತ್ತು. ಮೊದಲ ಸಲ ಚರ್ಮದ ನಡುವೆ ಭಾರ ಹಚ್ಚಿ ನೋಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಸಮಸ್ಯೆ ಬಿಡಿಸಿದ್ದು ಅವರೇ. ವಿಜ್ಞಾನ ಬಂದು, ಅದು ಯಾಕೆ ಸರಿ ಅಂತ ಹೇಳಿತು.

ಕಮ್ಯುನಿಕೇಷನ್ ಎಂಜಿನಿಯರುಗಳ ಕೈಯಲ್ಲಿ ಮೃದಂಗ

ರಾಮನ್ ಪ್ರಯೋಗದಿಂದ ತೋರಿಸಿದರು. ಆದರೆ ಎಂಜಿನಿಯರಿಗೆ ಅಷ್ಟು ಸಾಲದು, ಮಾಡೆಲ್ ಬೇಕು. ಅದೂ ನಮ್ಮೂರಲ್ಲೇ ಆಯಿತು. 1954ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಿ. ಎಸ್. ರಾಮಕೃಷ್ಣ ಮತ್ತು ಮನ್ ಮೋಹನ್ ಸೋಂಧಿ ಸೇರಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪೇಪರ್ ಪ್ರಕಟಿಸಿದರು. ರಾಮಕೃಷ್ಣ ಅವರು ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ವಿಭಾಗದ ಮೇಷ್ಟ್ರು, ಸೋಂಧಿ ಅಲ್ಲಿ ಕಮ್ಯುನಿಕೇಷನ್ ಎಂಜಿನಿಯರಿಂಗ್ ಓದಿದವರು. ಹೆಚ್ಚುಕಡಿಮೆ ನಮ್ಮ ಬ್ರಾಂಚಿನವರು.

ಅವರ ಉಪಾಯ ಸರಳ. ಚರ್ಮವನ್ನು ಒಂದರೊಳಗೊಂದು ಇರೋ ಎರಡು ವೃತ್ತಗಳು ಅಂತ ಭಾವಿಸೋದು. ಒಳಗಿನ ವೃತ್ತ ಭಾರ, ಹೊರಗಿನದು ಹಗುರ. ಎರಡಕ್ಕೂ ಬೇರೆ ಬೇರೆ ಬೆಸೆಲ್ ಪರಿಹಾರ ಬರೆದು, ಎರಡೂ ಸೇರೋ ಗೆರೆಯಲ್ಲಿ ಚರ್ಮ ಹರಿಯದ ಹಾಗೆ, ಮುರಿಯದ ಹಾಗೆ ಜೋಡಿಸೋದು. ಬೌಂಡರಿ ಕಂಡಿಷನ್ ಅಂತ ನಾವು ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬರೆಯೋದು ಇದನ್ನೇ. ವೃತ್ತಗಳ ಅಗಲದ ಅನುಪಾತ ಮತ್ತು ಭಾರದ ಅನುಪಾತ ಸರಿಯಾಗಿ ಆರಿಸಿದರೆ ಕಂಪನಗಳು ಹಾರ್ಮೋನಿಕ್ ಸಾಲಿನ ಹತ್ತಿರ ಬಂದು ನಿಲ್ಲುತ್ತವೆ. ತಬಲಾ ಜೋಡಿಯ ಎಡಗೈಯ ಡಗ್ಗಾದಲ್ಲಿ ಬೊಟ್ಟು ನಡುವೆ ಇರಲ್ಲ, ಒಂದು ಪಕ್ಕಕ್ಕೆ ಇರುತ್ತೆ. ಅದರ ಲೆಕ್ಕ ಇನ್ನೂ ಕಷ್ಟ. 1957ರಲ್ಲಿ ರಾಮಕೃಷ್ಣ ಅದರ ಬಗ್ಗೆಯೂ ಬರೆದರು.

ಸೋಂಧಿ ಮುಂದೆ ಅಮೆರಿಕಕ್ಕೆ ಹೋಗಿ, 1962ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. ಅವರು 1967ರಲ್ಲಿ ಪ್ರಕಟಿಸಿದ ಪೇಪರ್ ಅಡಾಪ್ಟಿವ್ ಎಕೋ ಕ್ಯಾನ್ಸಲರ್ ಬಗ್ಗೆ. ಫೋನಿನಲ್ಲಿ ನಾವು ಆಡಿದ ಮಾತು ಆ ಕಡೆಯಿಂದ ಪ್ರತಿಧ್ವನಿಯಾಗಿ ನಮಗೇ ವಾಪಸ್ ಕೇಳಿದರೆ ಮಾತಾಡೋದೇ ಕಷ್ಟ. ಆ ಪ್ರತಿಧ್ವನಿ ಹೇಗಿರುತ್ತೆ ಅಂತ ಯಂತ್ರವೇ ಅಂದಾಜು ಮಾಡಿ, ತಪ್ಪು ಎಷ್ಟಾಯ್ತು ಅಂತ ನೋಡಿ ತಿದ್ದಿಕೊಳ್ಳುತ್ತಾ, ಅದನ್ನು ಕಳೆದುಹಾಕೋದು ಇದರ ಕೆಲಸ. ಇವತ್ತು ನಾವು ಸ್ಪೀಕರ್ ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವಾಗ, ಆನ್‌ಲೈನ್ ಮೀಟಿಂಗಿನಲ್ಲಿ ಕೂತಾಗ ಹಿಂದೆ ಇದೇ ಬಗೆಯ ಕೆಲಸ ನಡೀತಾ ಇರುತ್ತೆ. ಆಮೇಲೆ, ತುಟಿಯ ಹತ್ತಿರ ಅಳೆದ ಶಬ್ದದಿಂದ ಗಂಟಲು-ಬಾಯಿಯ ಒಳಗಿನ ಆಕಾರ ಕಂಡುಹಿಡಿಯೋ ಬಗ್ಗೆಯೂ ಸೋಂಧಿ ಕೆಲಸ ಮಾಡಿದರು.

ಮೃದಂಗದಿಂದ ಎಕೋ ಕ್ಯಾನ್ಸಲರ್ ಹುಟ್ಟಿತು ಅಂತ ಹೇಳಿದರೆ ಅದು ಉತ್ಪ್ರೇಕ್ಷೆ. ಹಾಗೆ ನಾವು ಹೇಳ್ತಾ ಇಲ್ಲ. ನಾವು ಹೇಳೋದು ಇಷ್ಟೇ: ಶಬ್ದದ ಬಗ್ಗೆ ಆಳವಾಗಿ ಯೋಚಿಸೋ ಎಂಜಿನಿಯರ್ ಒಬ್ಬರು ತಮ್ಮ ಶುರುವಿನ ಪೇಪರುಗಳಲ್ಲಿ ಒಂದಕ್ಕೆ ಆರಿಸಿಕೊಂಡ ಸಮಸ್ಯೆ ಮೃದಂಗದ ಬೊಟ್ಟು. ಅದನ್ನು 'ಇದು ಕಲೆ, ನಮ್ಮ ಸಿಲಬಸ್ ಅಲ್ಲ' ಅಂತ ಅವರ ಮೇಷ್ಟ್ರು ತಳ್ಳಿಹಾಕಲಿಲ್ಲ, ಜೊತೆಗೆ ಕೂತು ಬರೆದರು.

ಕಲೆ ಮತ್ತು ವಿಜ್ಞಾನ ಎಲ್ಲಿ ಸೇರುತ್ತೆ?

ಕಾಲೇಜಿನಲ್ಲಿ ಕಲೆ ಮತ್ತು ತಂತ್ರಜ್ಞಾನ ಸೇರಿಸೋದು ಅಂದರೆ ಸಾಮಾನ್ಯವಾಗಿ ಫೆಸ್ಟ್‌ನಲ್ಲಿ ಎಲ್‌ಇಡಿ ಪರದೆ ಹಾಕಿ ಡ್ಯಾನ್ಸ್ ಮಾಡೋದು, ಇಲ್ಲ ಪೋಸ್ಟರನ್ನು ಎಐ ಕೈಲಿ ಬರೆಸೋದು. ಅದೂ ಇರಲಿ. ಆದರೆ ರಾಮನ್, ರಾಮಕೃಷ್ಣ, ಸೋಂಧಿ ಮಾಡಿದ್ದು ಬೇರೆ. ಅವರು ಕಲೆಗೆ ವಿಜ್ಞಾನದ ಅಲಂಕಾರ ಮಾಡಲಿಲ್ಲ. ಕಲೆಯ ಒಳಗೆ ಒಂದು ಒಳ್ಳೆಯ ಪ್ರಶ್ನೆ ಇದೆ ಅಂತ ಗುರುತಿಸಿದರು. ಪಾಶ್ಚಾತ್ಯ ಪಠ್ಯಪುಸ್ತಕ ಮಾತ್ರ ಓದಿದವರಿಗೆ ದುಂಡನೆಯ ಚರ್ಮ ಅಂದರೆ ಸ್ವರ ಬರದ ವಸ್ತು. ಮೃದಂಗದ ಪಕ್ಕ ಕೂತು ಕೇಳಿದವರಿಗೆ ಮಾತ್ರ "ಇಲ್ಲ, ಇದು ಬರ್ತಾ ಇದೆಯಲ್ಲ!" ಅಂತ ಅನುಮಾನ ಬರೋಕೆ ಸಾಧ್ಯ. ಆ ಅನುಮಾನ ಕೊಟ್ಟದ್ದು ಕಿವಿ. ಉತ್ತರ ಕೊಟ್ಟದ್ದು ಗಣಿತ.

ಹಾಗಾದರೆ ಪಿಯುಸಿಯಲ್ಲಿ ನಾವು ಬಿಟ್ಟದ್ದು ಬರೀ ಹವ್ಯಾಸ ಅಲ್ಲ. ಪ್ರಶ್ನೆ ಹುಟ್ಟೋ ಒಂದು ಜಾಗವನ್ನೇ ಬಿಟ್ಟಿದ್ದೇವೆ. ಭರತನಾಟ್ಯ ಕಲಿತವಳಿಗೆ ದೇಹದ ಸಮತೋಲನದ ಬಗ್ಗೆ ಬರೋ ಪ್ರಶ್ನೆ ಬೇರೆಯವರಿಗೆ ಬರಲ್ಲ. ಮದ್ದಳೆಯ ಪಕ್ಕ ವೇಷ ಕಟ್ಟಿಕೊಂಡು ನಿಂತವನಿಗೆ, ಇದರ ಮೇಲೂ ಬೊಟ್ಟು ಯಾಕಿದೆ ಅನ್ನೋ ಪ್ರಶ್ನೆ ಬರಬಹುದು. ರೋಬೋಟಿಕ್ಸ್ ಕ್ಲಬ್ಬಿಗೆ, ಸಿಗ್ನಲ್ ಪ್ರೊಸೆಸಿಂಗ್ ಪ್ರಾಜೆಕ್ಟಿಗೆ ಬೇಕಾದ ಸಮಸ್ಯೆಗಳು ನಮ್ಮ ಮನೆಯ ಅಟ್ಟದ ಮೇಲೇ ಇರಬಹುದು.

ನೀವೂ ಮಾಡಿ ನೋಡಬಹುದು. ಫೋನಿಗೆ ಫೈಫಾಕ್ಸ್ ಅನ್ನೋ ಉಚಿತ ಆ್ಯಪ್ ಹಾಕಿಕೊಳ್ಳಿ, ಅಥವಾ ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ. ಮೊದಲು ಕರಣೆ ಇಲ್ಲದ ಯಾವುದಾದರೂ ಚರ್ಮವಾದ್ಯ ತಟ್ಟಿ ಅದರ ಸ್ಪೆಕ್ಟ್ರಮ್ ನೋಡಿ. ಆಮೇಲೆ ಮೃದಂಗ ಅಥವಾ ತಬಲಾ. ಶಿಖರಗಳ ಸಂಖ್ಯೆ ಬರೆದುಕೊಂಡು ಎಲ್ಲವನ್ನೂ ಮೊದಲನ ಶಿಖರದಿಂದ ಭಾಗಿಸಿ. ಎರಡು, ಮೂರು, ನಾಲ್ಕರ ಹತ್ತಿರ ಬಂದರೆ ಯಾರೋ ಒಬ್ಬರ ಕೈ ಸರಿಯಾಗಿ ಕೆಲಸ ಮಾಡಿದೆ ಅಂತ ಅರ್ಥ.

ನಮ್ಮ ಪ್ರಾಜೆಕ್ಟಿಗೆ ಒಳ್ಳೆ ಮಾರ್ಕ್ಸ್ ಬಂತು. ಗೆಳೆಯ ಮತ್ತೆ ಕ್ಲಾಸಿಗೆ ಸೇರ್ತೀನಿ ಅಂತ ಏನೂ ಹೇಳಿಲ್ಲ. ಇಂಟರ್ನಲ್ಸ್ ಇದೆ, ಪ್ಲೇಸ್‌ಮೆಂಟ್ ತಯಾರಿ ಇದೆ, ನಮಗೂ ಗೊತ್ತು. ಆದರೆ ಮೃದಂಗ ಯಾರಿಗೂ ಕೊಡಲಿಲ್ಲ. ಸಂಜೆ ಲ್ಯಾಬ್ ಮುಗಿದ ಮೇಲೆ ಸಂಘದ ರೂಮಿನ ಕಡೆಯಿಂದ ಒಮ್ಮೊಮ್ಮೆ 'ತ ದಿ ತೊಂ ನಂ' ಕೇಳಿಸುತ್ತೆ. ಕೇಳಿಸಿದರೆ ಒಳಗೆ ಬನ್ನಿ. ಉಂಗುರದ ಬೆರಳು ಎಲ್ಲಿ ಕೂತಿದೆ ಅಂತ ನೋಡಿ.